ವೃಷಭೇಂದ್ರಪ್ಪನವರ ಪಚ್ಚೆ ಪ್ರಸಂಗ

ಮಧುಗಿರಿಯಲ್ಲಿ ಕದಲದೆ ನಿಂತಿರುವ ವಸ್ತುಗಳು ಎರಡು. ಒಂದು ಬೆಟ್ಟ. ಇನ್ನೊಂದು ವೃಷಭೇಂದ್ರಪ್ಪನವರ ಎಡಗೈ.

ಬೆಟ್ಟದ ವಿಷಯ ಎಲ್ಲರಿಗೂ ಗೊತ್ತು. ಎಡಗೈಯ ವಿಷಯ ಗೊತ್ತಾಗಬೇಕಾದರೆ ಅಂಬರೀಶನ ಹಿಟ್ಟಿನ ಗಿರಣಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಬೇಕು. ಮೇಲೆ ಸ್ನೂಕರ್ ಪಾರ್ಲರ್. ಅಲ್ಲಿ ಹಸಿರು ಬಟ್ಟೆ ಹೊದಿಸಿದ ದೊಡ್ಡ ಮೇಜಿನ ಮೇಲೆ ವೃಷಭೇಂದ್ರಪ್ಪನವರು ಎಡಗೈ ಊರಿ, ಹೆಬ್ಬೆರಳು ಎತ್ತಿ, ಆ ಸಂದಿಯಲ್ಲಿ ಕೋಲು ಇಟ್ಟರೆಂದರೆ ಮುಗಿಯಿತು. ಕೆಳಗೆ ಗಿರಣಿ ಗಡಗಡ ನಡುಗಲಿ, ಮೇಲೆ ಫ್ಯಾನು ಕಿರುಗುಟ್ಟಲಿ, ಜೇಬಿನಲ್ಲಿ ಹೆಂಡತಿಯ ಫೋನು ಮೂರನೆಯ ಸಲ ಹೊಡೆದುಕೊಳ್ಳಲಿ, ಆ ಕೈ ಮಾತ್ರ ಅಲ್ಲಾಡುವುದಿಲ್ಲ.

ವಯಸ್ಸು ಐವತ್ತೊಂಬತ್ತು. ಹಣೆಗೆ ಮೂರು ಪಟ್ಟೆ ವಿಭೂತಿ, ಮೂಗಿನ ತುದಿಗೆ ಕನ್ನಡಕ, ಮೇಜಿನ ಅಂಚನ್ನು ಅವರಿಗಿಂತ ಒಂದು ಕ್ಷಣ ಮೊದಲೇ ಮುಟ್ಟುವ ಹೊಟ್ಟೆ. ಕಸುಬು ಬಟ್ಟೆ ವ್ಯಾಪಾರ. ಅಜ್ಜನ ಕಾಲದ ಅಂಗಡಿ. ಬಟ್ಟೆಯ ಅಂಚಿಗೆ ಕತ್ತರಿಯಿಂದ ಒಂದು ಕಚ್ಚು ಕೊಟ್ಟು ಎರಡು ಕೈಯಲ್ಲಿ ಹಿಡಿದು ಪರ್ರೆಂದು ಹರಿದರೆ ಎಷ್ಟೇ ಅಗಲದ ಬಟ್ಟೆಯಾಗಲಿ, ಒಂದೇ ಎಳೆಯ ಮೇಲೆ ನೇರವಾಗಿ ಹರಿಯಬೇಕು. ಇದು ಆ ಮನೆಯ ಗಂಡಸರಿಗೆ ಹಾಲು ಬಿಡಿಸುವ ಮೊದಲೇ ಕಲಿಸುವ ವಿದ್ಯೆ. ಹೀಗೆ ಗೆರೆ ಕಾಣುವ ಕಣ್ಣು ಅವರಿಗೆ ವಂಶದಿಂದ ಬಂದಿತ್ತು. ಅದಕ್ಕೊಂದು ರಣರಂಗ ಮಾತ್ರ ಬೇಕಾಗಿತ್ತು.

ಅದೂ ಸಿಕ್ಕಿತು. ಮೂವತ್ತು ವರ್ಷದ ಹಿಂದೊಂದು ದಿನ ರಾಗಿ ಬೀಸಿಸಿಕೊಂಡು ಬರಲು ಗಿರಣಿಗೆ ಹೋದ ವೃಷಭೇಂದ್ರಪ್ಪನವರು ಮೇಲಿನಿಂದ ಟಕ್, ಟಕ್ ಎಂಬ ಸದ್ದು ಕೇಳಿ ಏನೆಂದು ನೋಡಲು ಮೆಟ್ಟಿಲು ಹತ್ತಿದರು. ಇಳಿದಾಗ ಗಿರಣಿ ಮುಚ್ಚಿತ್ತು. ರಾಗಿ ಒಳಗೇ ಉಳಿದಿತ್ತು. ಚರಿತ್ರೆಯ ಪುಸ್ತಕಗಳು ಆ ದಿನವನ್ನು ಗುರುತಿಟ್ಟುಕೊಂಡಿಲ್ಲ. ಕರಿಬಸಮ್ಮನವರು ಇಟ್ಟುಕೊಂಡಿದ್ದಾರೆ, ಏಕೆಂದರೆ ಅವತ್ತು ಆ ಮನೆಯಲ್ಲಿ ಮುದ್ದೆಯಾಗಲಿಲ್ಲ.

ಕರಿಬಸಮ್ಮನವರು ಅವರ ಧರ್ಮಪತ್ನಿ. ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರೂ ಅವರೇ, ಗಂಡನ ಬದುಕಿನ ತಪ್ಪುಗಳನ್ನು ದಿನಾಂಕದ ಸಮೇತ ನೆನಪಿಟ್ಟುಕೊಂಡವರೂ ಅವರೇ. ಅಂಥ ತಪ್ಪುಗಳಲ್ಲಿ ಮೊದಲನೆಯದು ಸೀರೆಯದು. ಅದನ್ನಿಲ್ಲಿ ಹೇಳಿಬಿಡುವುದು ಒಳ್ಳೆಯದು, ಮುಂದೆ ಬೇಕಾಗುತ್ತದೆ.

ಮದುವೆಯಾದ ಮರುವರ್ಷ. ಪಾವಗಡದಾಚೆಯ ವೈ.ಎನ್.ಹೊಸಕೋಟೆಯ ಖಾಯಂ ಗಿರಾಕಿಯೊಬ್ಬರು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಚೀಟಿ ಕಳಿಸಿದ್ದರು: ‘ಮಗಳ ಧಾರೆಗೆ ಪಚ್ಚ ಸೀರೆ ಒಂದು, ಒಳ್ಳೆಯದು ನೋಡಿ ಕಳಿಸುವುದು.’ ಪಚ್ಚೆಯೆಂದರೆ ಮಧುಗಿರಿಯಲ್ಲಿ ಹಸಿರು. ವೃಷಭೇಂದ್ರಪ್ಪನವರು ಗಿಳಿ ನಾಚುವಂಥ ಹಸಿರು ರೇಷ್ಮೆ ಸೀರೆಯನ್ನು ಕಟ್ಟಿ ಕಳಿಸಿ ಕೈತೊಳೆದುಕೊಂಡರು. ಮಾರನೆಯ ದಿನ ಮೊದಲ ಬಸ್ಸಿಗೇ ಹೆಣ್ಣಿನ ಸೋದರಮಾವ ಸೀರೆಯನ್ನು ಕಂಕುಳಲ್ಲಿ ಇರುಕಿಕೊಂಡು ಇಳಿದ.

“ಏಮಯ್ಯಾ ಸೇಟು, ಪಚ್ಚ ಕಳ್ಸು ಅಂದ್ರೆ ಆಕು ಕಳ್ಸಿದೀಯಲ್ಲ! ನಮ್ಮ ಹೆಣ್ಣನ್ನ ಬಾಳೆಗಿಡ ಮಾಡಿ ಚಪ್ಪರದಾಗ ನಿಲ್ಲಿಸ್ಬೇಕಂತಿದ್ದೀಯಾ?”

ಆಗ ತಿಳಿಯಿತು. ಆಂಧ್ರದ ಗಡಿಗೆ ಅಂಟಿಕೊಂಡಿರುವ ಆ ಸೀಮೆಯ ಬಾಯಲ್ಲಿ ಪಚ್ಚ ಎರಡು. ಅರಿಶಿನದ್ದು ಪಸುಪು ಪಚ್ಚ, ಎಲೆಯದ್ದು ಆಕು ಪಚ್ಚ. ಹೊಸಕೋಟೆಯ ಆ ಮನೆಯವರು ಎಲೆಯದನ್ನು ಬರೀ ಆಕು ಎಂದೂ, ಅರಿಶಿನದ್ದನ್ನು ಬರೀ ಪಚ್ಚ ಎಂದೂ ಕರೆದು ವ್ಯವಹಾರ ಚುಟುಕು ಮಾಡಿಕೊಂಡಿದ್ದರು. ಹೊಸ ಸೊಸೆ ಕರಿಬಸಮ್ಮನವರು ಹಳದಿ ಸೀರೆಯೊಂದನ್ನು ಮಡಿಲಲ್ಲಿಟ್ಟುಕೊಂಡು, ಆ ಸೋದರಮಾವನ ಬೈಗುಳವನ್ನು ಬಸ್ಸಿನುದ್ದಕ್ಕೂ ಕೇಳಿಸಿಕೊಂಡು, ಮುಹೂರ್ತಕ್ಕೆ ಅರ್ಧ ಗಂಟೆ ಇದೆಯೆನ್ನುವಾಗ ಸೀರೆ ಮುಟ್ಟಿಸಿ ಅಂಗಡಿಯ ಮಾನ ಉಳಿಸಿದರು. ಆಮೇಲಿನಿಂದ ಇಂದಿನವರೆಗೆ ಅವರು ಹೋದ ಯಾವ ಮದುವೆಯಲ್ಲಿಯೂ ಈ ಕಥೆ ಹೇಳದೆ ಊಟಕ್ಕೆ ಕೂತಿಲ್ಲ.

ಇರಲಿ. ವೃಷಭೇಂದ್ರಪ್ಪನವರ ದಿಗ್ವಿಜಯಕ್ಕೆ ಬರೋಣ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಆಟಗಾರರು ಸೇರಿ ವರ್ಷಕ್ಕೊಮ್ಮೆ ಒಂದು ಕಪ್ಪಿಗಾಗಿ ಆಡುತ್ತಾರೆ. ಗೆದ್ದವರು ಬೆಂಗಳೂರಿನ ರಾಜ್ಯ ಮಟ್ಟದ ಪಂದ್ಯಕ್ಕೆ ಹೋಗುತ್ತಾರೆ. ವೃಷಭೇಂದ್ರಪ್ಪನವರು ಕಪ್ಪನ್ನು ಹನ್ನೊಂದು ಸಲ ಗೆದ್ದಿದ್ದಾರೆ. ಹನ್ನೊಂದು ಸಲ ಬೆಂಗಳೂರಿಗೆ ಹೋಗಿದ್ದಾರೆ. ಹನ್ನೊಂದು ಸಲವೂ ಮೊದಲ ಪಂದ್ಯದಲ್ಲೇ ಸೋತು ಸಂಜೆಯ ಬಸ್ಸಿಗೆ ವಾಪಸಾಗಿದ್ದಾರೆ.

ಸೋಲಿಗೆ ಕಾರಣಗಳಿದ್ದವು. ಒಂದು ಸಲ ಏಸಿಯಿಂದ ಬೆರಳು ಮರಗಟ್ಟಿದವು. ಒಂದು ಸಲ ಮೇಜು ಅತಿಯಾಗಿ ಸಮತಟ್ಟಾಗಿತ್ತು. ಉಳಿದ ಒಂಬತ್ತು ಸಲವೂ ತಪ್ಪು ಮೇಜಿಗೆ ಹೊದಿಸಿದ ಬಟ್ಟೆಯದು.

“ಅದೇನ್ ಬಟ್ಟೇನೇ ಅದು! ಗಾಜಿನಂಗೆ ನುಣುಪು. ಚೆಂಡು ಹೊರಟ್ರೆ ನಿಲ್ಲೋದೇ ಇಲ್ಲ. ನಮ್ಮ ಅಂಬರೀಶನ ಮೇಜಿನ ಬಟ್ಟೆ ನೋಡು, ಹದಿನೈದು ವರ್ಷದ ಅನುಭವ ಐತೆ ಅದಕ್ಕೆ. ಚೆಂಡು ಎಲ್ಲಿ ನಿಲ್ಬೇಕು ಅಂತ ಯೋಚ್ನೆ ಮಾಡಿ ನಿಲ್ತದೆ.”

ಅಂಬರೀಶ ಹೊಸ ಬಟ್ಟೆ ಹಾಕಿಸುತ್ತೇನೆಂದಾಗಲೆಲ್ಲ ಅಡ್ಡಗಾಲು ಹಾಕುತ್ತಿದ್ದವರೂ ಇದೇ ಬಟ್ಟೆ ವ್ಯಾಪಾರಿ.

ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗ ಅವರು ಫೋನಿನಲ್ಲಿ ಹೊರದೇಶದ ದೊಡ್ಡ ಪಂದ್ಯಗಳನ್ನು ನೋಡುತ್ತಾರೆ. ಅಲ್ಲಿ ಐವತ್ತು ದಾಟಿದ ಹಳೆ ಹುಲಿಗಳು ಇಪ್ಪತ್ತರ ಹುಡುಗರೆದುರು ನಿಲ್ಲುತ್ತಾರೆ. ಹುಡುಗರು ಹೊಡೆಯುವ ವೇಗ ನೋಡಿದರೆ ಬಸ್ಸಿಗೆ ಹೊತ್ತಾಯಿತೇನೋ ಎನ್ನಿಸುತ್ತದೆ. ಹುಲಿಗಳು ಮಾತ್ರ ನಿಧಾನಕ್ಕೆ ಕೋಲಿನ ತುದಿಗೆ ಚಾಕ್ ಉಜ್ಜಿಕೊಳ್ಳುತ್ತವೆ. ಹುಲಿ ಗೆದ್ದ ದಿನ ವೃಷಭೇಂದ್ರಪ್ಪನವರು ಗಾದಿಯ ಮೇಲೆ ಎದ್ದು ಕೂರುತ್ತಾರೆ.

“ನಮ್ಮೋರು ಗೆದ್ರು ಕಣೇ!”

“ನಿಮ್ಮೋರು ಯಾರ್ರೀ ಅಲ್ಲಿ?”

“ವಯಸ್ಸಾದೋರು.”

ಆ ಹುಲಿಗಳಂತೆಯೇ ಅವರಿಗೂ ಒಂದು ಆಸೆ. ಕಪ್, ಫಲಕ, ಶಾಲು ಯಾವುದೂ ಬೇಡ. ಬೆಂಗಳೂರಿನಲ್ಲಿ ಒಂದು, ಒಂದೇ ಒಂದು ಪಂದ್ಯ ಗೆಲ್ಲಬೇಕು. ಸಂಜೆಯ ಬಸ್ಸನ್ನು ಬೇಕಂತಲೇ ತಪ್ಪಿಸಿಕೊಂಡು, ‘ನಾಳೆಯೂ ಆಟ ಇದೆ’ ಎಂದು ಮನೆಗೆ ಫೋನು ಮಾಡಬೇಕು.

ಈ ವರ್ಷ ಕರಿಬಸಮ್ಮನವರು ಅದಕ್ಕೊಂದು ಗಡುವು ಹಾಕಿದರು. ಹಿತ್ತಲಿನ ನುಗ್ಗೆಮರ ಮೈತುಂಬ ಕಾಯಿ ಬಿಟ್ಟಿತ್ತು, ಕೀಳಲು ಕೋಲಿರಲಿಲ್ಲ.

“ನೋಡ್ರೀ, ಮುಂದಿನ ವರ್ಷ ಅರವತ್ತು ನಿಮಗೆ. ಈ ಸಲ ಕಪ್ ಗೆದ್ರೆ ಬೆಂಗ್ಳೂರಿಗೆ ಹೋಗಿ, ನಾನೇ ಬುತ್ತಿ ಕಟ್ತೀನಿ. ಸೋತ್ರೆ ಆಟ ಸಾಕು. ಆ ದೊಣ್ಣೆ ನಂದು. ತುದಿಗೊಂದು ಕೊಕ್ಕೆ ಕಟ್ಟಿ ನುಗ್ಗೆಕಾಯಿ ಕೀಳ್ತೀನಿ.”

ಮೂವತ್ತು ವರ್ಷ ಎಣ್ಣೆಬಟ್ಟೆಯಲ್ಲಿ ಒರೆಸಿ, ತಮ್ಮದೇ ಅಂಗಡಿಯ ವೆಲ್ವೆಟ್ಟಿನ ಚೀಲ ಹೊಲಿಸಿ, ಗೋಡೆಗೂ ಒರಗಿಸದೆ ಮಲಗಿಸುತ್ತಿದ್ದ ಕೋಲು. ಅದಕ್ಕೆ ಕೊಕ್ಕೆ! ವೃಷಭೇಂದ್ರಪ್ಪನವರು ಹಿತ್ತಲ ಕಡೆ ಒಮ್ಮೆ ನೋಡಿದರು, ಕೋಲಿನ ಕಡೆ ಒಮ್ಮೆ ನೋಡಿದರು, ಆಮೇಲೆ ಆಶ್ಚರ್ಯವಾಗುವಷ್ಟು ಸಲೀಸಾಗಿ “ಆಗ್ಲಿ” ಎಂದರು.

ಪಂದ್ಯಗಳು ಶುರುವಾದವು. ಅಂಗಡಿಯ ಮರೂನ್ ಸೂಟಿಂಗ್ ತುಂಡಿನಲ್ಲಿ ಹೊಲಿಸಿದ, ಮುಂದಿನ ಗುಂಡಿಗಳು ಬರೀ ಅಲಂಕಾರಕ್ಕೆಂದು ಉಳಿದಿದ್ದ ವೇಸ್ಟ್‌ಕೋಟು ತೊಟ್ಟು ವೃಷಭೇಂದ್ರಪ್ಪನವರು ಕೊಳಾಲದವರೊಬ್ಬರನ್ನು ಮಣಿಸಿದರು. ಶಿರಾದ ಟೈರ್ ಅಂಗಡಿಯ ತರುಣನನ್ನು ಮಣಿಸಿದಾಗ ಅವನು ಕೈಕುಲುಕಿ, “ಕ್ಯಾ ಬಾತ್ ಹೈ ಚಾಚಾ, ನಿಮ್ದು ಕೈಯೋ, ಗೋಡೆಗೆ ಹೊಡ್ದಿರೋ ಗೂಟವೋ?” ಎಂದು ಹೋದ. ಉಳಿದದ್ದು ಫೈನಲ್.

ಫೈನಲಿಗೆ ಪಾವಗಡ ತಾಲ್ಲೂಕಿನಿಂದ ಬಂದವಳ ಹೆಸರು ಬಿಂದುಶ್ರೀ. ವಯಸ್ಸು ಹತ್ತೊಂಬತ್ತು. ಊರು ಅದೇ, ವೈ.ಎನ್.ಹೊಸಕೋಟೆ. ಅವಳಪ್ಪ ತಿಮ್ಮರಾಜು ಕಡಲೆಕಾಯಿ ಬೆಳೆದು, ಸುತ್ತಲಿನವರದನ್ನೂ ಕೊಂಡು ಗೋದಾಮಿನಲ್ಲಿ ಪೇರಿಸುವವನು. ಗಡಿಯಾಚೆ ಮುಚ್ಚಿಹೋದ ಕ್ಲಬ್ಬೊಂದರ ಸ್ನೂಕರ್ ಮೇಜನ್ನು, ಚೀಲ ಒಟ್ಟಲು ಒಳ್ಳೆಯ ಅಟ್ಟಣೆಯಾದೀತೆಂದು ತಂದಿದ್ದ. ಮಗಳು ಚೀಲಗಳನ್ನು ಒಂದೊಂದಾಗಿ ಕೆಳಗಿಳಿಸಿ ಆಡಲು ಕಲಿತಳು. ಈಗ ಜಿಲ್ಲೆಯ ತುಂಬ ಅವಳದೇ ಮಾತು. ಮುಂದೆ ಇದನ್ನೇ ವೃತ್ತಿ ಮಾಡಿಕೊಂಡು, ವೃಷಭೇಂದ್ರಪ್ಪನವರ ಫೋನಿನೊಳಗಿನ ಆಟಗಾರರಂತೆ ಊರೂರು, ದೇಶದೇಶ ತಿರುಗುವವಳು ಎಂದು ಬಲ್ಲವರು ಹೇಳುತ್ತಿದ್ದರು.

ಮೆಟ್ಟಿಲು ಹತ್ತಿ ಬಂದವಳು ಪ್ಯಾಂಟಿನ ಜೇಬಿನಿಂದ ಒಂದು ಹಿಡಿ ಕಡಲೆಕಾಯಿ ತೆಗೆದು ಎದುರಾಳಿಗೆ ನೀಡಿದಳು.

“ತಗಳ್ರಿ ತಾತ. ನಮ್ಮ ಹೊಲದ್ದು.”

ಪಂದ್ಯದ ಮೊದಲ ಪೆಟ್ಟು ಅದೇ. ವೃಷಭೇಂದ್ರಪ್ಪನವರು ಕಡಲೆಕಾಯಿ ತೆಗೆದುಕೊಂಡರು, ‘ತಾತ’ವನ್ನು ತೆಗೆದುಕೊಳ್ಳಲಿಲ್ಲ.

“ಅಂಕಲ್ ಅನ್ನಮ್ಮ.”

“ಸರಿ ತಾತ.”

ತೀರ್ಪುಗಾರರು ಬೈಲಪ್ಪ ಮೇಷ್ಟ್ರು. ಕೊರಟಗೆರೆ ಕಡೆಯವರು, ನಿವೃತ್ತ ಡ್ರಿಲ್ ಮಾಸ್ತರು. ಶಾಲೆಯ ಬ್ಯಾಂಡ್ ಸೆಟ್ಟಿನ ಕಾಲದ ಬಿಳಿ ಕೈಗವಸು ತೊಟ್ಟು, ನಿಯಮದ ಪುಸ್ತಕವನ್ನು ಎದೆಗವಚಿಕೊಂಡು ನಿಲ್ಲುತ್ತಾರೆ. ಹೋದ ನವೆಂಬರಿನಲ್ಲಿ ಅವರೇ ಮುಂದೆ ನಿಂತು ಒಂದು ಠರಾವು ಪಾಸು ಮಾಡಿಸಿದ್ದರು: ನಾಲ್ಕು ತಾಲ್ಲೂಕಿನ ಪಂದ್ಯದಲ್ಲಿ ಚೆಂಡಿನ ಬಣ್ಣಗಳನ್ನು ಕನ್ನಡದಲ್ಲೇ ಹೇಳತಕ್ಕದ್ದು. ಕೆಂಪು, ಹಳದಿ, ಪಚ್ಚೆ, ಕಂದು, ನೀಲಿ, ಗುಲಾಬಿ, ಕಪ್ಪು. ಈ ಪಟ್ಟಿಯನ್ನು ಮೆಟ್ಟಿಲ ಗೋಡೆಗೆ ಅಂಟಿಸಿಯೂ ಇದ್ದರು. ಆದರೆ ಗಿರಣಿಯ ಹಿಟ್ಟು ಕೂತು ಕೂತು ಎರಡೇ ತಿಂಗಳಲ್ಲಿ ಏಳು ಬಣ್ಣವೂ ಬಿಳಿಯಾಗಿದ್ದವು.

ಐದು ಆಟ, ಮೂರು ಗೆದ್ದವರಿಗೆ ಕಪ್. ಮೊದಲೆರಡನ್ನು ಬಿಂದುಶ್ರೀ ಸಿಡಿಲಿನಂತೆ ಬಂದು ಎತ್ತಿಕೊಂಡು ಹೋದಳು. ವೃಷಭೇಂದ್ರಪ್ಪನವರು ಕುರ್ಚಿ ಬಿಟ್ಟು ಏಳುವುದರೊಳಗೆ ಮೊದಲನೆಯದು ಮುಗಿದಿತ್ತು. ಎರಡನೆಯದರಲ್ಲಿ ಎದ್ದರು, ಚಾಕ್ ಉಜ್ಜಿದರು, ಮತ್ತೆ ಕೂತರು. ಮೂರನೆಯದರಲ್ಲಿ ಹಳೆ ಹುಲಿ ಉಗುರು ತೆಗೆಯಿತು. ಬಿಳಿ ಚೆಂಡನ್ನು ಹಿಂದೆ, ಮರೆಗೆ, ಮೂಲೆಗೆ, ಹುಡುಗಿಗೆ ಎಲ್ಲೆಲ್ಲಿ ಬೇಡವೋ ಅಲ್ಲಲ್ಲೇ ತಂದು ಬಿಡತೊಡಗಿದರು.

“ಏನ್ ತಾತ, ಚೆಂಡನ್ನ ಬಚ್ಚಿಡ್ತಾನೇ ಇದ್ದೀರ? ಕಣ್ಣಾಮುಚ್ಚಾಲೆ ಆಡಾಕೆ ಅಷ್ಟ್ ದೂರದಿಂದ ಬಂದ್ನಾ ನಾನು?”

“ಅಂಕಲ್ ಅನ್ನೋವರ್ಗೂ ಬಚ್ಚಿಡ್ತೀನಿ ಕಣಮ್ಮ.”

ನಾಲ್ಕನೆಯ ಆಟದ ಹೊತ್ತಿಗೆ ಕೆಳಗೆ ಯಾರೋ ಒಣಮೆಣಸಿನಕಾಯಿ ತಂದರು. ಫೈನಲ್ ದಿನ ಖಾರ ಬೀಸುವುದಿಲ್ಲವೆಂದು ಅಂಬರೀಶ ಆಣೆ ಮಾಡಿದ್ದ. ಬಂದವರು ಅವನ ಅತ್ತೆ. ಘಾಟು ಮೆಟ್ಟಿಲು ಹತ್ತಿ ಬಂದು ಪ್ರೇಕ್ಷಕರನ್ನು ಸಾಲುಸಾಲಾಗಿ ಉರುಳಿಸಿತು. ಬೈಲಪ್ಪ ಮೇಷ್ಟ್ರು ಅಂಕ ಕೂಗಲು ಬಾಯಿ ತೆರೆದಾಗಲೆಲ್ಲ ಸೀನೇ ಹೊರಬಿತ್ತು. ಗೋದಾಮಿನ ಧೂಳಿನಲ್ಲಿ ಬೆಳೆದ ಬಿಂದುಶ್ರೀಗೂ, ಈ ಘಾಟನ್ನು ಮೂವತ್ತು ವರ್ಷ ಉಂಡ ವೃಷಭೇಂದ್ರಪ್ಪನವರಿಗೂ ಮೂಗು ತುರಿಸಲೂ ಇಲ್ಲ. ಇಡೀ ಮಧುಗಿರಿ ಸೀನುತ್ತಿರುವಾಗ ಇಬ್ಬರೇ ಎದುರುಬದುರು ನಿಂತು ಕಾದಾಡಿದರು. ಆ ಆಟವನ್ನೂ ಹುಲಿಯೇ ಗೆದ್ದಿತು. ಎರಡು, ಎರಡು.

ಕೊನೆಯ ಆಟ. ವೃಷಭೇಂದ್ರಪ್ಪನವರು ಐವತ್ತೆಂಟು, ಬಿಂದುಶ್ರೀ ನಲವತ್ತು. ಮೇಜಿನ ಮೇಲೆ ಉಳಿದದ್ದು ಒಂದು ಕೆಂಪು ಮತ್ತು ಆರು ಬಣ್ಣ. ಕೆಂಪು ಬೀಳಿಸಿದವರು ಬಣ್ಣದ ಒಂದು ಚೆಂಡಿನ ಹೆಸರು ಹೇಳಿ ಅದನ್ನೇ ಬೀಳಿಸಬೇಕು. ಹೇಳಿದ್ದೊಂದು, ಬಿದ್ದದ್ದೊಂದು ಆದರೆ ಫೌಲು. ನಾಲ್ಕು ಅಂಕ ಎದುರಾಳಿಗೆ, ಸರದಿಯೂ ಎದುರಾಳಿಗೆ.

ಬಿಂದುಶ್ರೀ ಕೆಂಪನ್ನು ಬೀಳಿಸಿದಳು. ನಲವತ್ತೊಂದು. ಅಲ್ಲಿಯವರೆಗೆ ಅವಳು ಹೊಡೆದದ್ದೆಲ್ಲ ದೊಡ್ಡ ಬೆಲೆಯ ಕಪ್ಪು, ಗುಲಾಬಿ. ನೋಡಿದವರಿಗೇ ತಿಳಿಯುತ್ತಿದ್ದುದರಿಂದ ಬಾಯಿ ತೆರೆಯುವ ಪ್ರಸಂಗ ಬಂದಿರಲಿಲ್ಲ. ಈಗ ಅವೆಲ್ಲ ದೂರವಾಗಿದ್ದವು. ಹತ್ತಿರ ಇದ್ದದ್ದು ಮೂಲೆಯ ಪಾಕೆಟ್ಟಿನ ಬಳಿ ಅಕ್ಕತಂಗಿಯರಂತೆ ಒತ್ತಿಕೊಂಡು ನಿಂತ ಹಳದಿ ಮತ್ತು ಹಸಿರು.

“ಯಾವ್ದಮ್ಮ?” ಎಂದರು ಬೈಲಪ್ಪ ಮೇಷ್ಟ್ರು.

“ಯೆ...” ಎಂದಳು ಬಿಂದುಶ್ರೀ. ತಟ್ಟನೆ ಠರಾವು ನೆನಪಾಯಿತು. ಇಂಗ್ಲಿಷ್ ಪದವನ್ನು ಅಲ್ಲೇ ನುಂಗಿ, ಕಣ್ಣು ಚೆಂಡಿನ ಮೇಲಿಂದ ತೆಗೆಯದೆ, ಬಾಯಿಗೆ ಬಂದದ್ದನ್ನು ಅಂದಳು, “ಪಚ್ಚ.”

ಹೊಡೆದಳು. ಹಳದಿ ಚೆಂಡು ಕೂದಲೆಳೆಯಷ್ಟು ಸವರಿಸಿಕೊಂಡು ಪಾಕೆಟ್ಟಿಗಿಳಿಯಿತು.

“ಫೌಲ್!” ಬೈಲಪ್ಪ ಮೇಷ್ಟ್ರ ಬಿಳಿ ಕೈಗವಸು ಮೇಲೆದ್ದಿತು. “ಹೇಳಿದ್ದು ಪಚ್ಚೆ, ಬಿದ್ದಿದ್ದು ಹಳದಿ. ವೃಷಭೇಂದ್ರಪ್ಪನವರಿಗೆ ನಾಲ್ಕು!”

ಮಧುಗಿರಿಯ ಕಡೆಯವರ ಬೆಂಚಿನಿಂದ ಸಿಳ್ಳೆ ಹಾರಿತು. ಬಿಂದುಶ್ರೀ ಕೋಲು ಹಿಡಿದುಕೊಂಡು ಕಣ್ಣು ಪಿಳುಕಿಸಿದಳು.

“ಸಾ, ಪಚ್ಚ ಅಂದೆ, ಪಚ್ಚನೇ ಹಾಕಿದ್ನಲ್ಲ ಸಾ!”

“ಬುಕ್ಕಲ್ಲಿ ಏನೈತೋ ಅದೇ ಕಣಮ್ಮ. ಕೂತ್ಕೋ ಹೋಗು.”

ಅವಳು ಕೂತಳು. ಎಲ್ಲಿ ತಪ್ಪಿತೆಂದು ಅವಳಿಗೆ ತಿಳಿಯಲಿಲ್ಲ. ಜೊತೆಗೆ ಬಂದಿದ್ದ ಅವಳಪ್ಪ ತಿಮ್ಮರಾಜುವಿಗೂ ತಿಳಿಯಲಿಲ್ಲ. ಬೆಂಚಿನ ಮೇಲೆ ಕೂತು ಕಡಲೆಕಾಯಿ ಸಿಪ್ಪೆಯನ್ನು ಚೂರು ಮಾಡುತ್ತಿದ್ದ. ಆ ಪಾರ್ಲರಿನಲ್ಲಿ ಅದು ತಿಳಿದಿದ್ದವರು ಒಬ್ಬರೇ.

ವೃಷಭೇಂದ್ರಪ್ಪನವರು ಎದ್ದರು. ಚಾಕ್ ಉಜ್ಜಿದರು. ಹಳದಿ ಚೆಂಡನ್ನು ಅದರ ಜಾಗದಲ್ಲಿ ಮತ್ತೆ ಇಟ್ಟಿದ್ದರು; ಸುಲಭದ ಹೊಡೆತ. ಅದು, ಆಮೇಲೆ ಹಸಿರು. ಎರಡು ಬಿದ್ದರೆ ಹುಡುಗಿ ಉಳಿದದ್ದೆಲ್ಲ ಬಾಚಿದರೂ ಅವರನ್ನು ಮುಟ್ಟಲಾರಳು. ಎರಡು ಚೆಂಡಿನಾಚೆ ಬೆಂಗಳೂರು ಇತ್ತು, ತಪ್ಪಿಸಿಕೊಳ್ಳಬೇಕಾದ ಸಂಜೆಯ ಬಸ್ಸು ಇತ್ತು, ಕರಿಬಸಮ್ಮನವರು ಕಟ್ಟುವ ಬುತ್ತಿ ಇತ್ತು. ಈಚೆಗೆ ನುಗ್ಗೆಮರ.

ಬಾಗಿ ಎಡಗೈ ಊರಿದರು.

ಎಡಗೈ ನಡುಗಿತು.

ಅವರು ನಂಬಲಿಲ್ಲ. ಕೈ ಎತ್ತಿ ವೇಸ್ಟ್‌ಕೋಟಿಗೆ ಒರೆಸಿಕೊಂಡು ಮತ್ತೆ ಊರಿದರು. ಗಿರಣಿ ನಿಂತಿತ್ತು, ಫ್ಯಾನು ಸುಮ್ಮನಿತ್ತು, ಫೋನೂ ಹೊಡೆದುಕೊಳ್ಳುತ್ತಿರಲಿಲ್ಲ. ಆದರೂ ಆ ಕೈ ಹಸಿರು ಬಟ್ಟೆಯ ಮೇಲೆ ಎಲೆಯ ಹಾಗೆ ಅದುರಿತು. ಸೀರೆ ಕಂಕುಳಲ್ಲಿಟ್ಟುಕೊಂಡು ಬಸ್ಸಿಳಿದು ಬಂದ ಸೋದರಮಾವ ಮೇಜಿನ ಆ ತುದಿಯಲ್ಲಿ ನಿಂತು ತಮ್ಮನ್ನೇ ನೋಡುತ್ತಿದ್ದಾನೆ ಎನ್ನಿಸಿತು ಅವರಿಗೆ.

ಕೋಲು ಕೆಳಗಿಟ್ಟು ನೆಟ್ಟಗಾದರು.

“ಬೈಲಪ್ಪ ಮೇಷ್ಟ್ರೇ, ಆ ಹುಡ್ಗಿ ಅಂದಿದ್ದು ಪಚ್ಚೆ ಅಲ್ಲ. ಪಚ್ಚ.”

“ಎಲ್ಡೂ ಒಂದೇ ಅಲ್ವೇನ್ರೀ?”

“ಒಂದೇ ಆಗಿದ್ರೆ ನಮ್ಮ ಮನೇಲಿ ಮೂವತ್ತು ವರ್ಷದಿಂದ ನಾನ್ಯಾಕೆ ಬೈಸ್ಕೊತಿದ್ದೆ? ಅವರ ಕಡೆ ಪಚ್ಚ ಅಂದ್ರೆ ಹಳದಿ.”

ಬೆಂಚಿನವರು ಹೋ ಎಂದರು. “ಅಣ್ಣೋ, ನಿಮಗೇನ್ ಬಂದದೆ? ಹೊಡೀರಿ ಸುಮ್ಕೆ!” ಎಂದ ಅಂಬರೀಶ. ಬೈಲಪ್ಪ ಮೇಷ್ಟ್ರು ನಿಯಮದ ಪುಸ್ತಕ ತಿರುವಿದರು. ಅದರಲ್ಲಿ ಪಾವಗಡದ ಪ್ರಸ್ತಾಪವೇ ಇರಲಿಲ್ಲ.

“ಹಂಗಂತ ನೀವು ಹೇಳಿದ್ರೆ ಆಯ್ತಾ? ಅವರಪ್ಪನ್ನ ಕೇಳಿದ್ರೆ ಮಗಳ ಪರ ಹೇಳ್ತಾನೆ. ಎತ್ಲಾಗೂ ಸೇರ್ದೆ ಇರೋ ಸಾಕ್ಷಿ ಬೇಕು.”

“ಇದೆ,” ಎಂದು ವೃಷಭೇಂದ್ರಪ್ಪನವರು ಜೇಬಿನಿಂದ ಫೋನು ತೆಗೆದು, ಸ್ಪೀಕರಿಗೆ ಹಾಕಿ, ಮೇಜಿನ ನಡುವೆ ಇಟ್ಟರು. ಇಡೀ ಪಾರ್ಲರ್ ಉಸಿರು ಹಿಡಿದು ಬಗ್ಗಿತು.

“ಏನ್ರೀ? ಗಿರಾಕಿ ಅವ್ರೆ, ಬೇಗ ಹೇಳಿ. ಗೆದ್ರಾ?”

“ಅದಿರ್ಲಿ. ಹೊಸಕೋಟೆಯೋರು ಬಂದು ಪಚ್ಚ ಸೀರೆ ಕೊಡಿ ಅಂದ್ರೆ ಯಾವ್ದು ಕೊಡ್ತೀಯ?”

“ಇದನ್ನ ಕೇಳೋಕೆ ಫೋನ್ ಮಾಡಿದ್ರಾ? ಹಳದೀದು ಕೊಡ್ತೀನಿ. ನಿಮ್ಮಂಗೆ ಗಿಳಿ ಹಸಿರು ಕಟ್ಟಿ ಕಳಿಸ್ತೀನಾ? ಮುಹೂರ್ತಕ್ಕೆ ಅರ್ಧ ಗಂಟೆ ಇತ್ತು, ಆ ಸೋದರಮಾವ ಬಸ್ಸಲ್ಲಿ ನನ್ನ ಪಕ್ಕದಲ್ಲೇ ಕೂತು...”

ಬೈಲಪ್ಪ ಮೇಷ್ಟ್ರು ಕೈಗವಸು ಎತ್ತಿ ಸಾಕು ಸಾಕು ಎಂಬಂತೆ ಆಡಿಸಿದರು. ಆದರೆ ಕಥೆ ಶುರುವಾದ ಮೇಲೆ ನಡುವೆ ನಿಲ್ಲಿಸುವ ಅಧಿಕಾರ ಯಾವ ತೀರ್ಪುಗಾರನಿಗೂ ಇರಲಿಲ್ಲ. ಕರಿಬಸಮ್ಮನವರು ಸೀರೆ ಮುಟ್ಟಿಸಿ, ಧಾರೆ ಮುಗಿಸಿ, ಹೋಳಿಗೆ ಊಟದವರೆಗೂ ಹೇಳಿ ಇಟ್ಟರು. ತಿಮ್ಮರಾಜು ಬೆಂಚಿನಿಂದ ನಿಧಾನವಾಗಿ ಎದ್ದು ನಿಂತ.

“ಅಯ್ಯೋ ದೇವ್ರಾ... ಅದು ನಮ್ಮ ಮೇನತ್ತೆ, ನಮ್ಮಪ್ಪನ ತಂಗಿ ಮದ್ವೆ ಸಾಮಿ! ಆ ಸೀರೆ ಇನ್ನೂ ನಮ್ಮ ಪೆಟ್ಟಿಗ್ಯಾಗೇ ಐತೆ.”

ನಗು ಕೆಳಗಿನ ಗಿರಣಿಯವರೆಗೂ ಇಳಿಯಿತು. ಬೈಲಪ್ಪ ಮೇಷ್ಟ್ರು ಮಾತ್ರ ನಗಲಿಲ್ಲ. ಪುಸ್ತಕ ಮುಚ್ಚಿ, ಅಂಕದ ಬೋರ್ಡಿನ ಮೇಲಿನ ನಾಲ್ಕನ್ನು ಕೈಗವಸಿನಿಂದಲೇ ಅಳಿಸಿದರು. “ಫೌಲ್ ವಾಪಸ್. ಹುಡ್ಗಿಗೆ ಎರಡು ಪಾಯಿಂಟು, ಆಟ ಅವಳ್ದೇ. ಇನ್ಮೇಲೆ ಯಾರಾದ್ರೂ ಹಸಿರು ಹೊಡೆಯೋದಾದ್ರೆ ಹಸಿರು ಅನ್ಬೇಕು!”

ಬಿಂದುಶ್ರೀ ಮೇಜಿಗೆ ಬಂದಳು. ನಲವತ್ತಮೂರು. ಹಳದಿ, ಹಸಿರು, ಕಂದು, ನೀಲಿ, ಗುಲಾಬಿ ಒಂದರ ಹಿಂದೊಂದು ಉರುಳಿದವು. ಅರವತ್ತಮೂರು. ಉಳಿದದ್ದು ಏಳು ಅಂಕದ ಕಪ್ಪು ಚೆಂಡೊಂದೇ. ಅದು ಯಾರದೋ ಗೆಲುವು ಅವರದು. ಅವಳು ಹೊಡೆದಳು. ಆತುರಕ್ಕೋ ಏನೋ, ಕಪ್ಪು ಪಾಕೆಟ್ಟಿನ ಅಂಚಿಗೆ ಬಡಿದು ಮೇಜಿನ ನಡುವಿಗೆ ಬಂದು ನಿಂತಿತು.

ಹೀಗೆ ಧರ್ಮಕ್ಕೆ ಬಿಟ್ಟುಕೊಟ್ಟ ಗೆಲುವು ತಾನಾಗಿಯೇ ತಿರುಗಿ ವೃಷಭೇಂದ್ರಪ್ಪನವರ ಮುಂದೆ ಬಂದು ನಿಂತಿತು. ಅವರು ಬಾಗಿ ಎಡಗೈ ಊರಿದರು. ಈಗ ಅದು ಬೆಟ್ಟ. ಗೆರೆ ಕಂಡರು, ಬಟ್ಟೆ ಹರಿಯುವಾಗಿನ ಎಳೆಯಂತೆ ನೇರವಾದ ಗೆರೆ. ಹೊಡೆದರು. ಕಪ್ಪು ಚೆಂಡು ಆ ಗೆರೆಯ ಮೇಲೆಯೇ, ಒಂದಿಷ್ಟೂ ಆಚೀಚೆಯಾಗದೆ, ಮೂಲೆಯ ಪಾಕೆಟ್ಟಿನ ಕಡೆ ಹೊರಟಿತು. ಬೆಂಚಿನವರು ಎದ್ದು ನಿಂತರು. ಚೆಂಡು ಹೋಯಿತು, ಇನ್ನೂ ಹೋಯಿತು, ಪಾಕೆಟ್ಟಿನ ತುಟಿಯ ಮೇಲೆ ಬಂತು. ಅಲ್ಲಿ, ಹದಿನೈದು ವರ್ಷದ ಅನುಭವವುಳ್ಳ ಆ ಬಟ್ಟೆಯ ಮೇಲೆ, ಯೋಚನೆ ಮಾಡಿತು.

ಮಾಡಿ, ನಿಂತಿತು.

ಬಿಂದುಶ್ರೀ ಬಂದು ಮೆಲ್ಲಗೆ ತಟ್ಟಿದಳು. ಎಪ್ಪತ್ತು, ಐವತ್ತೆಂಟು.

“ಅಂಬರೀಶ,” ಎಂದರು ವೃಷಭೇಂದ್ರಪ್ಪನವರು ಕೋಲನ್ನು ಚೀಲಕ್ಕೆ ಸೇರಿಸುತ್ತ, “ನಾಳೆ ಅಂಗಡಿಗೆ ಬಾ. ಮೇಜಿಗೆ ಹೊಸ ಬಟ್ಟೆ ತರಿಸೋಣ.”

ಗೆದ್ದ ಕಪ್ ಹಿಡಿದ ಬಿಂದುಶ್ರೀ ನೇರ ಅವರ ಹತ್ತಿರ ಬಂದಳು.

“ದೊಡ್ಡಪ್ಪ, ಬೆಂಗ್ಳೂರಾಗೆ ಮದ್ಲನೇ ಮ್ಯಾಚು ಹೆಂಗಿರ್ತೈತೆ? ನೀವು ಹನ್ನೊಂದು ಸಲ ಆಡಿದೀರಂತಲ್ಲ.”

ತಾತನಿಂದ ದೊಡ್ಡಪ್ಪ. ಒಂದೇ ಮಧ್ಯಾಹ್ನದಲ್ಲಿ ಇಡೀ ಒಂದು ತಲೆಮಾರು ಇಳಿದಿತ್ತು. ವೃಷಭೇಂದ್ರಪ್ಪನವರು ಅವಳನ್ನು ಬೆಂಚಿನ ಮೇಲೆ ಕೂರಿಸಿಕೊಂಡರು. ಆ ಮೊದಲ ಪಂದ್ಯವನ್ನು ಸೋಲುವ ಬಗೆ ಅವರಷ್ಟು ಬಲ್ಲವರು ನಾಲ್ಕು ತಾಲ್ಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ. ಏಸಿಗೆ ಬೆರಳು ಮರಗಟ್ಟದಂತೆ ಬಿಸಿನೀರಿನ ಬಾಟಲಿ ಒಯ್ಯಬೇಕೆಂಬುದರಿಂದ ಹಿಡಿದು, ನುಣುಪು ಬಟ್ಟೆಯ ಮೇಲೆ ಎಷ್ಟು ಮೆಲ್ಲಗೆ ಹೊಡೆಯಬೇಕೆಂಬುದರವರೆಗೆ ಹನ್ನೊಂದು ಸೋಲುಗಳನ್ನೂ ಒಂದೊಂದಾಗಿ ಬಿಚ್ಚಿ, ಅಂಗಡಿಯಲ್ಲಿ ಸೀರೆ ಹರಡುವ ಹಾಗೆ ಅವಳ ಮುಂದೆ ಹರಡಿದರು. ಅವಳು ಕಡಲೆಕಾಯಿ ತಿನ್ನುವುದನ್ನೂ ಮರೆತು ಕೇಳಿದಳು.

ಮನೆಯಲ್ಲಿ ಕರಿಬಸಮ್ಮನವರು ಬಾಗಿಲಲ್ಲೇ ನಿಂತಿದ್ದರು.

“ಏನಾಯ್ತು?”

“ಸೋತೆ. ನೀನೇ ಸಾಕ್ಷಿ ಹೇಳಿ ಸೋಲಿಸ್ದೆ.” ನಡೆದದ್ದನ್ನು ಹೇಳಿದರು.

“ಅಯ್ಯೋ, ಮೊದ್ಲೇ ಒಂದ್ಮಾತು ಅಂದಿದ್ರೆ ಹಸಿರು ಅಂತಿದ್ನಲ್ರೀ!”

“ಅಂತಿದ್ಯಾ?”

ಕರಿಬಸಮ್ಮನವರು ಯೋಚಿಸಿದರು. “ಇಲ್ಲ ಬುಡಿ. ಅಷ್ಟು ದೂರ ಮಡಿಲಲ್ಲಿ ಇಟ್ಕೊಂಡು ಹೋದೋಳು ನಾನು. ಹಳದಿ ಅಂತಾನೇ ಅಂತಿದ್ದೆ.” ಕೈ ಚಾಚಿ, “ಆದ್ರೂ ಮಾತು ಮಾತೇ. ದೊಣ್ಣೆ ಕೊಡಿ,” ಎಂದರು.

ಮಾರನೆಯ ಬೆಳಿಗ್ಗೆ ಕೋಲಿನ ತುದಿಗೆ ಕೊಕ್ಕೆ ಕಟ್ಟುವ ಮೊದಲು ಒಮ್ಮೆ ನೋಡೋಣವೆಂದು ಕರಿಬಸಮ್ಮನವರು ನುಗ್ಗೆಮರದಡಿ ನಿಂತು ಕೋಲು ಎತ್ತಿದರು. ತುದಿಗಾಲ ಮೇಲೆ ನಿಂತರು. ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತರು. ಕಾಯಿಗೂ ಕೋಲಿಗೂ ನಡುವೆ ಇನ್ನೂ ಒಂದಾಳು ನಿಲ್ಲುವಷ್ಟು ಆಕಾಶವಿತ್ತು. ತಗ್ಗಿನ ಕಾಯಿಗಳನ್ನೆಲ್ಲ ಯಾರೋ ಹೋದ ವಾರವೇ ಕಿತ್ತಿದ್ದರು. ಹೋದ ವಾರ ಮನೆಯಲ್ಲಿ ನಾಲ್ಕು ದಿನ ನುಗ್ಗೆಕಾಯಿ ಸಾರು ಕೇಳಿ ಮಾಡಿಸಿಕೊಂಡವರು ಯಾರೆಂದು ಅವರಿಗೆ ಈಗ ನೆನಪಾಯಿತು.

“ಎಷ್ಟುದ್ದ ಐತ್ರೀ ಇದು?”

“ಒಂದು ಗಜ, ಇಪ್ಪತ್ತೆರಡು ಇಂಚು,” ಎಂದು ಹಿತ್ತಲ ಬಾಗಿಲಿನಿಂದ ತಡವಿಲ್ಲದೆ ಉತ್ತರ ಬಂತು.

“ಅಂದ್ರೆ ಮಾತು ಕೊಡೋವಾಗ್ಲೇ ಎಟಕಲ್ಲ ಅಂತ ಗೊತ್ತಿತ್ತು?”

“ಬಟ್ಟೆ ಅಂಗಡಿ ಕಣೇ ನಮ್ದು.”

ಕರಿಬಸಮ್ಮನವರು ಕಲ್ಲಿನಿಂದ ಇಳಿದರು. ಕೋಲನ್ನು ಸೆರಗಿನಿಂದ ಒರೆಸಿ ಗಂಡನ ಕೈಗೆ ತುರುಕಿದರು.

“ಮುಂದಿನ ವರ್ಷ ಆ ಹುಡ್ಗಿನ ಸೋಲಿಸ್ಕೊಂಡು ಬನ್ನಿ. ಈಗ ಇದನ್ನ ಒಳಗಿಟ್ಟು ಏಣಿ ತಗೊಂಡ್ ಬನ್ನಿ. ಸಾರಿಗೆ ಹೊತ್ತಾಯ್ತು.”

ಏಣಿ ಬಂತು. ಕರಿಬಸಮ್ಮನವರು ಸೆರಗು ಸಿಕ್ಕಿಸಿಕೊಂಡು, ಬೈಯುತ್ತಲೇ ಒಂದೊಂದು ಮೆಟ್ಟಿಲು ಹತ್ತಿದರು. ವೃಷಭೇಂದ್ರಪ್ಪನವರು ಕೆಳಗೆ ನಿಂತು ಎಡಗೈಯಿಂದ ಏಣಿ ಹಿಡಿದರು.

ಏಣಿ ಕದಲಲಿಲ್ಲ.